ಟ್ಯಾಂಕಿನ ವರದಿ ಚೆನ್ನಾಗಿದೆ, ನಲ್ಲಿ ನೀರು ವಾಸನೆ: ಯಾವುದನ್ನು ನಂಬೋದು?

ಪ್ರಶ್ನೆ: ನಮ್ಮದು ಮಧ್ಯ ಕರ್ನಾಟಕದ ಒಂದು ಪುರಸಭೆ ಊರು. ಸುಮಾರು 30,000 ಜನ ಇದ್ದೇವೆ. ಹೊಳೆ ನೀರು ಬರುತ್ತದೆ, ಬೇಸಿಗೆಯಲ್ಲಿ ಅದಕ್ಕೆ ಬೋರ್ ನೀರನ್ನೂ ಸೇರಿಸುತ್ತಾರೆ. ನಮ್ಮ ಬೀದಿಗೆ ಐದು ದಿನಕ್ಕೊಮ್ಮೆ, ಒಂದೂವರೆ ಗಂಟೆ ಬಿಡುತ್ತಾರೆ. ಮೊದಲ ಹತ್ತು ನಿಮಿಷ ಕೆಂಪಗೆ ಬರುತ್ತದೆ, ಕೆಲವೊಮ್ಮೆ ಚರಂಡಿ ವಾಸನೆ. ಹೋದ ತಿಂಗಳಿಂದೀಚೆಗೆ ಬೀದಿಯ ಮೂರು ಮಕ್ಕಳಿಗೆ ಕಾಮಾಲೆ ಆಗಿದೆ. ಪುರಸಭೆಗೆ ಹೋಗಿ ಕೇಳಿದರೆ ಲ್ಯಾಬ್ ವರದಿ ತೋರಿಸಿದರು. ‘ಕುಡಿಯಲು ಯೋಗ್ಯ’ ಅಂತಿದೆ. ನಾನೇ ಒಂದು ಟಿಡಿಎಸ್ ಮೀಟರ್ ತರಿಸಿ ನೋಡಿದೆ, 240 ತೋರಿಸಿತು. ಅದು ಒಳ್ಳೆ ನೀರು ಅಂತ ಫಿಲ್ಟರ್ ಅಂಗಡಿಯವರು ಹೇಳಿದರು. ಹಾಗಾದರೆ ನಮ್ಮ ನೀರು ಚೆನ್ನಾಗಿದೆಯಾ, ಇಲ್ಲವಾ? ಟೆಸ್ಟ್ ಮಾಡಿಸಬೇಕಾದ್ದು ಟ್ಯಾಂಕಿನ ನೀರನ್ನೋ, ನಲ್ಲಿ ನೀರನ್ನೋ? ಇನ್ನೊಂದು ವಿಷಯ. ಅಮ್ಮ ನಲ್ಲಿಗೆ ಬಿಳಿ ಬಟ್ಟೆ ಕಟ್ಟುತ್ತಾರೆ. ಅದರಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಇದನ್ನು ಓದಿ ಮುಗಿಸುವ ಮುಂಚೆಯೇ ಬೀದಿಯವರಿಗೆಲ್ಲ ಹೇಳಿಬಿಡಿ: ಇವತ್ತಿನಿಂದ ಕುಡಿಯುವ ನೀರನ್ನು ಕುದಿಸಿಯೇ ಕುಡಿಯಬೇಕು. ಬಿಸಿ ಆದರೆ ಸಾಲದು, ಕೊತಕೊತ ಕುದಿಯಬೇಕು. ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿದರೆ ಸಾಕು. ಬೀದಿಯಲ್ಲಿ ಬಸುರಿಯರಿದ್ದರೆ ಅವರ ಮನೆಗೆ ಮೊದಲು ಹೋಗಿ. ನೀರಿನಿಂದ ಬರುವ ಕಾಮಾಲೆಯಲ್ಲಿ ಹೆಪಟೈಟಿಸ್-ಇ ಅಂತ ಒಂದು ಬಗೆ ಇದೆ, ಅದು ಗರ್ಭಿಣಿಯರ ಜೀವಕ್ಕೇ ಕುತ್ತು ತರಬಹುದು. ಮಕ್ಕಳ ವಿಷಯವನ್ನು ಆಶಾ ಕಾರ್ಯಕರ್ತೆಗೋ ಸರ್ಕಾರಿ ಆಸ್ಪತ್ರೆಗೋ ಇವತ್ತೇ ತಿಳಿಸಿ. ಖಾಸಗಿ ಡಾಕ್ಟರ ಹತ್ತಿರ ತೋರಿಸಿಕೊಂಡು ಸುಮ್ಮನಾದರೆ ಅದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಒಂದೇ ಬೀದಿಯಲ್ಲಿ ಒಂದೇ ತಿಂಗಳಲ್ಲಿ ಮೂರು ಕಾಮಾಲೆ ಅಂದರೆ ನಾನಂತೂ ಲ್ಯಾಬ್ ವರದಿಗೆ ಕಾಯುವುದಿಲ್ಲ.

ಈಗ ವರದಿಗೆ ಬರೋಣ. ಪುರಸಭೆಯವರು ತೋರಿಸಿದ ಕಾಗದ ಸುಳ್ಳು ಅಂತ ನನಗೆ ಅನ್ನಿಸುವುದಿಲ್ಲ. ನಾನು 26 ವರ್ಷ ನೀರಿನ ಲ್ಯಾಬ್‌ನಲ್ಲಿ ಕೂತವನು, ಅಂಥ ನೂರಾರು ಕಾಗದಕ್ಕೆ ಸಹಿ ಹಾಕಿದ್ದೇನೆ. ಆ ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, ನೋಡಿ. ಈ ಫಲಿತಾಂಶ ನಮಗೆ ತಂದುಕೊಟ್ಟ ಸ್ಯಾಂಪಲ್‌ಗೆ ಮಾತ್ರ ಅನ್ವಯಿಸುತ್ತದೆ ಅಂತ. ಬಾಟಲಿಯಲ್ಲಿದ್ದ ನೀರು ಚೆನ್ನಾಗಿತ್ತು, ಅಷ್ಟೇ. ಆ ಬಾಟಲಿ ತುಂಬಿದ್ದು ಎಲ್ಲಿ, ಯಾವ ದಿನ, ನೀರು ಬಿಟ್ಟು ಎಷ್ಟು ಹೊತ್ತಾದ ಮೇಲೆ? ‘ಸ್ಯಾಂಪಲ್ ಪಡೆದ ಸ್ಥಳ’ ಅನ್ನುವ ಜಾಗದಲ್ಲಿ ಹೆಚ್ಚಿನ ಸಲ ‘ಓವರ್‌ಹೆಡ್ ಟ್ಯಾಂಕ್’ ಅಂತಲೇ ಇರುತ್ತದೆ. ಕಾರಣ ಸರಳ. ಟ್ಯಾಂಕಿನ ಹತ್ತಿರ ಪುರಸಭೆಯ ಮನುಷ್ಯ ಇರುತ್ತಾನೆ, ಒಂದು ನಲ್ಲಿ ಇರುತ್ತದೆ, ಗಾಡಿ ನಿಲ್ಲಿಸಲು ಜಾಗ ಇರುತ್ತದೆ. ನಿಮ್ಮ ಬೀದಿಯ ಕೊನೆ ಮನೆಗೆ ಬೆಳಗಿನ ಜಾವ ನಾಲ್ಕೂವರೆಗೆ ನೀರು ಬಂದರೆ ಆ ಹೊತ್ತಲ್ಲಿ ಬಾಟಲಿ ಹಿಡಿದು ನಿಲ್ಲುವವರು ಯಾರು?

ಟಿಡಿಎಸ್ ಮೀಟರ್ ಬಗ್ಗೆ ಎರಡು ಮಾತು. ಅದು ತೋರಿಸುವುದು ನೀರಿನಲ್ಲಿ ಕರಗಿರುವ ಉಪ್ಪಿನ ಅಂದಾಜು. ರೋಗಾಣು ಅದಕ್ಕೆ ಕಾಣುವುದೇ ಇಲ್ಲ. ಒಂದು ಲೆಕ್ಕ ಹಾಕೋಣ. 240 ಟಿಡಿಎಸ್ ಇರುವ 99 ಲೀಟರ್ ನೀರಿಗೆ 1,000 ಟಿಡಿಎಸ್ ಇರುವ ಒಂದು ಲೀಟರ್ ಯುಜಿಡಿ, ಅಂದರೆ ಒಳಚರಂಡಿ ನೀರು ಸೇರಿತು ಅಂದುಕೊಳ್ಳಿ. ಮೀಟರ್ ಎಷ್ಟು ತೋರಿಸುತ್ತದೆ? ಹೆಚ್ಚೂಕಮ್ಮಿ 248. ಅಂಗಡಿಯವರು ಆಗಲೂ ಒಳ್ಳೆ ನೀರು ಅಂತಲೇ ಹೇಳುತ್ತಾರೆ. ಆದರೆ ಆ ನೀರಿನ 100 ಎಂಎಲ್‌ನಲ್ಲಿ ಮಲದಿಂದ ಬಂದ ಇ-ಕೊಲೈ ಬ್ಯಾಕ್ಟೀರಿಯಾ ಹತ್ತು ಸಾವಿರಕ್ಕೂ ಮೇಲಿರುತ್ತವೆ. ಇರಬೇಕಾದ್ದು ಎಷ್ಟು? ಒಂದೂ ಇರಬಾರದು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಹೇಳುವುದು ಇದನ್ನೇ: ಯಾವುದೇ 100 ಎಂಎಲ್ ಸ್ಯಾಂಪಲ್‌ನಲ್ಲಿ ಇ-ಕೊಲೈ ಸಿಗಬಾರದು.

ಹೊಳೆಯಿಂದ ನಿಮ್ಮ ಮನೆಗೆ ಬರುವವರೆಗೆ ನೀರು ಮೂರು ಘಟ್ಟ ದಾಟುತ್ತದೆ. ಮೂರರಲ್ಲೂ ಹುಡುಕಬೇಕಾದ ವಸ್ತು ಬೇರೆ ಬೇರೆ. ಎಲ್ಲ ಕಡೆ ಎಲ್ಲವನ್ನೂ ಟೆಸ್ಟ್ ಮಾಡಿಸಲು ಹೋದರೆ ದುಡ್ಡು ಮುಗಿಯುತ್ತದೆ, ಸಿಗಬೇಕಾದ್ದು ಸಿಗುವುದಿಲ್ಲ.

ಮೊದಲನೆಯದು ಮೂಲ. ಹೊಳೆ ನೀರಾದರೆ ಮಳೆಗಾಲದ ರಾಡಿಯೇ ದೊಡ್ಡ ತಲೆನೋವು. ಜಾಕ್‌ವೆಲ್‌ನಿಂದ, ಅಂದರೆ ಹೊಳೆ ನೀರೆತ್ತುವ ಬಾವಿಯಿಂದ, ಎತ್ತಿದ ನೀರಿಗೆ ಫಿಲ್ಟರ್ ಹೌಸ್‌ನಲ್ಲಿ ಆಲಂ, ಅಂದರೆ ಪಟಿಕ ಹಾಕಿ ರಾಡಿ ಕೂರಿಸಿ, ಮರಳಿನಲ್ಲಿ ಸೋಸುತ್ತಾರೆ. ಎಷ್ಟು ಆಲಂ ಹಾಕಬೇಕು ಅನ್ನುವುದು ದಿನದಿನಕ್ಕೆ ಬದಲಾಗುತ್ತದೆ. ಜೂನ್‌ನಲ್ಲಿ ಮೊದಲ ಕೆಂಪು ನೀರು ಬಂದ ದಿನ ಏಪ್ರಿಲ್‌ನ ಅಳತೆಯಲ್ಲೇ ಆಲಂ ಹಾಕಿದರೆ ರಾಡಿ ಹಾಗೇ ದಾಟಿ ಬರುತ್ತದೆ. ಸೋಸಿದ ನೀರಿನ ರಾಡಿ 1 ಎನ್‌ಟಿಯು (ರಾಡಿ ಅಳೆಯುವ ಮಾನ) ಒಳಗಿರಬೇಕು, ಬೇರೆ ದಾರಿಯೇ ಇಲ್ಲದಾಗ 5ರವರೆಗೆ. ಇದು ಬರೀ ಕಣ್ಣಿನ ಅಂದಕ್ಕಲ್ಲ. ರಾಡಿಯ ಕಣದ ಮರೆಯಲ್ಲಿ ಕೂತ ರೋಗಾಣುವಿಗೆ ಕ್ಲೋರಿನ್ ತಗಲುವುದಿಲ್ಲ.

ಬೋರ್ ನೀರು ಇದಕ್ಕೆ ಉಲ್ಟಾ. ನೋಡಲು ಪನ್ನೀರಿನ ಹಾಗೆ ತಿಳಿಯಾಗಿರುತ್ತದೆ, ಆದರೆ ಬಂಡೆಯ ಗುಣ ಅದರಲ್ಲಿ ಕರಗಿರುತ್ತದೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಚಿತ್ರದುರ್ಗದ ಕಡೆ ಫ್ಲೋರೈಡ್. ರಾಯಚೂರು, ಯಾದಗಿರಿಯ ಕೆಲವು ಕಡೆ, ಅದರಲ್ಲೂ ಹಟ್ಟಿ ಚಿನ್ನದ ಗಣಿಯ ಆಸುಪಾಸಿನ ಬಂಡೆ ಇರುವಲ್ಲಿ ಆರ್ಸೆನಿಕ್. ಊರೊಳಗಿನ ಬೋರ್ ಆದರೆ ಶೌಚದ ಗುಂಡಿಗಳಿಂದ ಇಳಿದ ನೈಟ್ರೇಟ್. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಸಹಿಸಬಹುದು. ನೈಟ್ರೇಟ್‌ಗೆ 45ರ ಗೆರೆ, ಅದಕ್ಕೆ ರಿಯಾಯಿತಿ ಇಲ್ಲ. ಇವು ದಿನಕ್ಕೊಂದು ಬಗೆ ಬದಲಾಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ, ವರ್ಷಕ್ಕೆ ಎರಡು ಸಲ ಪೂರ್ತಿ ಟೆಸ್ಟ್ ಮಾಡಿಸಿದರೆ ಸಾಕು. ನಿಮ್ಮೂರಲ್ಲಿ ಬೇಸಿಗೆಗೆ ಬೋರ್ ಸೇರಿಸುತ್ತಾರೆ ಅಂದಿರಿ. ಹಾಗಾದರೆ ನವೆಂಬರ್ ವರದಿಯನ್ನು ಏಪ್ರಿಲ್‌ನಲ್ಲಿ ತೋರಿಸಿದರೆ ಒಪ್ಪಬೇಡಿ. ಆ ನೀರು ಬೇರೆ, ಈ ನೀರು ಬೇರೆ. ಇನ್ನೊಂದು ನೆನಪಿಡಿ, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಎರಡನೆಯದು ಟ್ಯಾಂಕ್. ಅಲ್ಲಿ ನೋಡಬೇಕಾದ್ದು ಕ್ಲೋರಿನ್. ಬ್ಲೀಚಿಂಗ್ ಪೌಡರ್ ಹಾಕುವ ಊರಾದರೆ ಅದರ ಕಥೆ ಸ್ವಲ್ಪ ಹೇಳಬೇಕು. ಹೊಸ ಪೌಡರ್‌ನಲ್ಲಿ ನೂರಕ್ಕೆ 33ರಷ್ಟು ಕ್ಲೋರಿನ್ ಇರುತ್ತದೆ. ಚೀಲದ ಬಾಯಿ ಬಿಚ್ಚಿ ತಗಡಿನ ಶೆಡ್‌ನಲ್ಲಿ ಎರಡು ಮೂರು ತಿಂಗಳು ಇಟ್ಟರೆ ಅದು ಹಾರಿಹೋಗುತ್ತಾ ಬರುತ್ತದೆ, ಉಳಿಯುವುದು ಸುಣ್ಣ. ಒಂದು ಲಕ್ಷ ಲೀಟರ್ ಟ್ಯಾಂಕಿಗೆ ದಿನಾ ಒಂದು ಕೆಜಿ ಹಾಕುವ ರೂಢಿ ಇದೆ ಅಂದುಕೊಳ್ಳಿ. ಹೊಸ ಪೌಡರ್ ಆದರೆ ಲೀಟರಿಗೆ 3.3 ಮಿಲಿಗ್ರಾಂ ಕ್ಲೋರಿನ್ ಸಿಗುತ್ತದೆ. ನೂರಕ್ಕೆ 10ಕ್ಕೆ ಇಳಿದ ಹಳೆ ಪೌಡರ್ ಆದರೆ ಬರೀ 1. ರಿಜಿಸ್ಟರ್‌ನಲ್ಲಿ ಎರಡೂ ದಿನ ‘1 ಕೆಜಿ’ ಅಂತಲೇ ಬರೆದಿರುತ್ತದೆ. ಪೌಡರ್ ಎಷ್ಟು ಹಾಕಿದಿರಿ ಅಂತ ಕೇಳುವುದಕ್ಕಿಂತ ನಲ್ಲಿಯಲ್ಲಿ ಎಷ್ಟು ಉಳಿದಿದೆ ಅಂತ ಅಳೆಯುವುದು ಮೇಲು ಅನ್ನುವುದು ಅದಕ್ಕೇ. ಕೆಲವರು ಚೀಲವನ್ನೇ ಎತ್ತಿ ಟ್ಯಾಂಕಿಗೆ ಸುರಿದುಬಿಡುತ್ತಾರೆ. ಹಾಗೆ ಮಾಡಬಾರದು. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಹಾಕಬೇಕು. ಆಮೇಲೆ ಅರ್ಧ ಗಂಟೆಯಾದರೂ ಬಿಟ್ಟು ವಾಲ್ವ್ ತೆಗೆಯಬೇಕು.

ಮೂರನೆಯದು ಪೈಪು. ನಿಮ್ಮ ಸಮಸ್ಯೆ ಇಲ್ಲೇ ಇದೆ ಅನ್ನುವುದು ನನ್ನ ಬಲವಾದ ಅನುಮಾನ. ಮೊದಲ ಹತ್ತು ನಿಮಿಷ ಕೆಂಪು, ಚರಂಡಿ ವಾಸನೆ, ಆಮೇಲೆ ತಿಳಿ. ಟ್ಯಾಂಕೇ ಕೆಟ್ಟಿದ್ದರೆ ಒಂದೂವರೆ ಗಂಟೆಯೂ ಹಾಗೇ ಬರಬೇಕಿತ್ತು, ಅಲ್ವಾ?

ಐದು ದಿನಕ್ಕೊಮ್ಮೆ ನೀರು ಬಿಡುವ ಪೈಪಿನಲ್ಲಿ ಏನಾಗುತ್ತದೆ ಅಂತ ಸ್ವಲ್ಪ ಯೋಚಿಸಿ. ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿದ್ದ ನೀರು ತಗ್ಗಿನ ಮನೆಗಳ ನಲ್ಲಿಯಿಂದ, ಒಡೆದ ಜಾಯಿಂಟಿನಿಂದ ಸೋರಿಹೋಗುತ್ತದೆ. ಪೈಪು ಖಾಲಿ. ಹೊರಗೆ ಮಣ್ಣಿನಲ್ಲಿ ಚರಂಡಿ ನೀರು ಇಂಗಿ ನಿಂತಿದೆ. ನೀರು ಇದ್ದಾಗ ಯಾವ ತೂತಿನಿಂದ ಹೊರಗೆ ಸೋರುತ್ತಿತ್ತೋ ಅದೇ ತೂತಿನಿಂದ ಈಗ ಕೊಳಕು ಒಳಗೆ ಬರುತ್ತದೆ. ಐದು ದಿನ ಅಲ್ಲೇ ಕೂತು ಕೊಳೆಯುತ್ತದೆ. ಆರನೇ ದಿನ ವಾಲ್ವ್ ತೆಗೆದಾಗ ಮೊದಲು ನಿಮ್ಮ ಮನೆಗೆ ಬರುವುದು ಅದು, ಜೊತೆಗೆ ಪೈಪಿನ ತುಕ್ಕು. ಇದರ ಮೇಲೆ ಕೆಲವರು ಲೈನಿಗೇ ಮೋಟರ್ ಹಾಕಿ ಎಳೆಯುತ್ತಾರೆ. ಆಗ ನೀರು ಬರುತ್ತಿರುವಾಗಲೂ ಪೈಪು ಹೊರಗಿನ ಕೊಳಕನ್ನು ಸ್ಟ್ರಾ ಹಾಕಿ ಹೀರಿದ ಹಾಗೆ ಹೀರುತ್ತದೆ. ಮೋಟರ್ ಹಾಕಿದವರ ಮನೆಗೆ ಬಂದದ್ದು ನೀರು ಮಾತ್ರ ಅಂತ ಅವರು ತಿಳಿದಿರುತ್ತಾರೆ.

ಇದು ನನ್ನ ಊಹೆಯಲ್ಲ. ಹುಬ್ಬಳ್ಳಿ-ಧಾರವಾಡದಲ್ಲೇ ಅಳೆದು ನೋಡಿದ್ದಾರೆ. ಅಲ್ಲಿ ಕೆಲವು ವಾರ್ಡಿಗೆ ದಿನದ 24 ಗಂಟೆಯೂ ನೀರು ಕೊಡುವ ವ್ಯವಸ್ಥೆ ಆಯಿತು, ಉಳಿದ ವಾರ್ಡುಗಳಲ್ಲಿ ಹಳೆಯ ಹಾಗೆ ಕೆಲವು ದಿನಕ್ಕೊಮ್ಮೆ ಬಿಡುವುದು ಮುಂದುವರಿಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎರಡೂ ಕಡೆಯ ನಲ್ಲಿಗಳಿಂದ ಸ್ಯಾಂಪಲ್ ತೆಗೆದರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಸದಾ ನೀರು ಬರುವ ನಲ್ಲಿಗಳಲ್ಲಿ ನೂರಕ್ಕೆ 0.7ರಷ್ಟು ಸ್ಯಾಂಪಲ್‌ಗಳಲ್ಲಿ ಇ-ಕೊಲೈ ಸಿಕ್ಕಿತು. ಬಿಟ್ಟು ಬಿಟ್ಟು ಬರುವ ನಲ್ಲಿಗಳಲ್ಲಿ ನೂರಕ್ಕೆ 31.7. ಊರು ಅದೇ, ವ್ಯತ್ಯಾಸ ಪೈಪಿನದ್ದು. ಮಳೆಗಾಲದಲ್ಲಿ ಬಿಟ್ಟು ಬಿಟ್ಟು ಬರುವ ನಲ್ಲಿಗಳು ಇನ್ನೂ ಹದಗೆಟ್ಟವು ಅನ್ನುವುದೂ ಅದರಲ್ಲಿದೆ.

ಇಷ್ಟೆಲ್ಲ ಹೇಳಿದ ಮೇಲೆ ನೀವೇ ಮಾಡಬಹುದಾದ ಟೆಸ್ಟ್ ಯಾವುದು ಅಂತ ಕೇಳುತ್ತೀರಿ. ಒಂದೇ ಒಂದನ್ನು ಆರಿಸಿ ಅಂದರೆ ನಾನು ಕ್ಲೋರಿನ್ ಟೆಸ್ಟನ್ನೇ ಆರಿಸುತ್ತೇನೆ. ಮೂವತ್ತು ಬಗೆಯ ಅಂಶಗಳ ಗ್ಲೇಜ್ ಕಾಗದದ ವರದಿ ವರ್ಷಕ್ಕೊಮ್ಮೆ ಬರುವುದಕ್ಕಿಂತ, ಬೀದಿಯ ಕೊನೆ ಮನೆಯಲ್ಲಿ ನೀರು ಬಂದಾಗಲೆಲ್ಲ ಒಂದು ನಿಮಿಷ ಕ್ಲೋರಿನ್ ನೋಡುವುದು ಹೆಚ್ಚು ಉಪಯೋಗ. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಅಷ್ಟು ಉಳಿದಿದೆ ಅಂದರೆ ದಾರಿಯಲ್ಲಿ ಸೇರಿದ ಕೊಳಕನ್ನೆಲ್ಲ ಎದುರಿಸಿಯೂ ಮಿಕ್ಕಿದೆ ಅಂತ ಅರ್ಥ. ಸೊನ್ನೆ ಅಂದರೆ, ಒಂದೋ ಹಾಕಿಲ್ಲ, ಇಲ್ಲಾ ದಾರಿಯಲ್ಲಿ ಏನೋ ಅದನ್ನು ತಿಂದುಹಾಕಿದೆ. ಬ್ಲೀಚಿಂಗ್ ವಾಸನೆ ಬಂತು ಅಂತ ಜನ ಪುರಸಭೆಗೆ ಫೋನ್ ಮಾಡಿ ಬಯ್ಯುತ್ತಾರೆ. ನನಗೆ ಆ ವಾಸನೆ ಬಂದರೆ ನೆಮ್ಮದಿ.

ಕಿಟ್ ಸಣ್ಣದು. ನೀರು ಸರಬರಾಜಿನವರು ಅದನ್ನು ಕ್ಲೋರೋಸ್ಕೋಪ್ ಅನ್ನುತ್ತಾರೆ. ಒಂದು ಗಾಜಿನ ಕೊಳವೆ, ಒಂದು ಸೀಸೆ ದ್ರಾವಣ, ಪಕ್ಕದಲ್ಲಿ ಬಣ್ಣದ ಪಟ್ಟಿ. ಹಳೆ ಕಿಟ್‌ನಲ್ಲಿ ಆರ್ಥೋಟೊಲಿಡಿನ್ ಇರುತ್ತದೆ, ಕ್ಲೋರಿನ್ ಇದ್ದರೆ ನೀರು ಹಳದಿಯಾಗುತ್ತದೆ. ಅದನ್ನು ತಕ್ಷಣವೇ ನೋಡಬೇಕು. ಐದು ನಿಮಿಷ ಬಿಟ್ಟು ನೋಡಿದರೆ ಬಣ್ಣ ಏರಿರುತ್ತದೆ, ಸುಮ್ನೆ ಖುಷಿಪಡುವ ಹಾಗಾಗುತ್ತದೆ. ಆ ದ್ರಾವಣ ಕೈಗೆ ಬಾಯಿಗೆ ತಾಗಬಾರದು, ಆರೋಗ್ಯಕ್ಕೆ ಕೆಟ್ಟದ್ದು. ಸಿಕ್ಕರೆ ಡಿಪಿಡಿ ಮಾತ್ರೆಯ ಕಿಟ್ ತಗೊಳ್ಳಿ. ಅದರಲ್ಲಿ ಗುಲಾಬಿ ಬಣ್ಣ ಬರುತ್ತದೆ, ಹೆಚ್ಚು ನಂಬಬಹುದು.

ಈ ಕಿಟ್ ಏನು ಮಾಡಬಲ್ಲದು ಅನ್ನುವುದಕ್ಕೆ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಒಂದು ಊರು, ಹೆಸರು ಬೇಡ. ಅಲ್ಲೂ ಒಂದೇ ಬೀದಿಯಲ್ಲಿ ವಾಂತಿ-ಭೇದಿ. ಟ್ಯಾಂಕಿನ ವರದಿ ಚೊಕ್ಕವಾಗಿತ್ತು. ಹಿಂದಿನ ಎರಡು ವರದಿಗೆ ನಾನೇ ಸಹಿ ಹಾಕಿದ್ದೆ, ಅದಕ್ಕೇ ಕಸಿವಿಸಿ ಜಾಸ್ತಿ ಇತ್ತು. ನೀರು ಬಿಡುವ ದಿನ ಬೆಳಗಿನ ಜಾವ ಹೋದೆವು. ಟ್ಯಾಂಕಿನ ಕೆಳಗೆ ಕ್ಲೋರಿನ್ 0.8. ಬೀದಿಯ ಬಾಯಲ್ಲಿ 0.6. ಕಿರಾಣಿ ಅಂಗಡಿ ಪಕ್ಕದ ಮನೆಯಲ್ಲೂ 0.6. ಅಲ್ಲಿಂದ ನಾಲ್ಕನೇ ಮನೆಯಲ್ಲಿ ಸೊನ್ನೆ. ಬಣ್ಣದ ಸುಳಿವೇ ಇಲ್ಲ. ಅದರಾಚೆಯ ಮನೆಗಳಲ್ಲೂ ಸೊನ್ನೆ. ನಡುವೆ ಇದ್ದದ್ದು ನಲವತ್ತು ಅಡಿ ರಸ್ತೆ, ಅಡ್ಡಕ್ಕೆ ಒಂದು ಚರಂಡಿ, ಅದರ ಮೇಲೆ ಕಡಪ ಕಲ್ಲು. ನೀರು ಬಿಡುವ ವಾಲ್ವ್‌ಮನ್ ಏನೂ ಮಾತಾಡದೆ ಹಾರೆ ತಂದು ಕಲ್ಲು ಎತ್ತಿದ. ಚರಂಡಿಯ ನಡುವೆಯೇ ಪೈಪು ಹಾದುಹೋಗಿತ್ತು. ಜಾಯಿಂಟಿಗೆ ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದಿದ್ದರು. ಅಲ್ಲಿಂದ ನೀರು ಬುಳುಬುಳು ಅಂತ ಚರಂಡಿಗೆ ಚಿಮ್ಮುತ್ತಿತ್ತು. ಅರ್ಧ ಗಂಟೆ ಬಿಟ್ಟು ಅದೇ ನಾಲ್ಕನೇ ಮನೆಯಲ್ಲಿ ನೋಡಿದರೆ ಕ್ಲೋರಿನ್ 0.4ಕ್ಕೆ ಬಂದಿತ್ತು. ಪೈಪಿನೊಳಗಿನ ಕೊಳಕು ಅಷ್ಟರಲ್ಲಿ ತೊಳೆದುಹೋಗಿತ್ತು. ಎಲ್ಲಿಗೆ ಅಂತ ಕೇಳಬೇಡಿ, ಅಷ್ಟು ಹೊತ್ತಿಗೆ ಎಲ್ಲರೂ ಕೊಡ ತುಂಬಿ ಒಳಗಿಟ್ಟಾಗಿತ್ತು. ಹತ್ತು ಗಂಟೆಗೆ ಆಫೀಸಿನವರು ಬಂದು ಸ್ಯಾಂಪಲ್ ತೆಗೆದಿದ್ದರೆ ‘ಕುಡಿಯಲು ಯೋಗ್ಯ’ ಅಂತಲೇ ಬರುತ್ತಿತ್ತು.

ಒಂದು ಮಾತು ಪಕ್ಕಕ್ಕೆ. ಊರಿನ ಪೈಪ್ ಎಲ್ಲೆಲ್ಲಿ ಹೋಗಿದೆ ಅನ್ನುವುದು ಎಷ್ಟೋ ಊರುಗಳಲ್ಲಿ ನಕ್ಷೆಯಲ್ಲಿ ಇರುವುದಿಲ್ಲ, ವಾಲ್ವ್‌ಮನ್ ತಲೆಯಲ್ಲಿ ಇರುತ್ತದೆ. ಅವನ ಜೊತೆ ಜಗಳ ಆಡಬೇಡಿ. ಒಂದು ಟೀ ಕುಡಿಸಿ, ‘ನಮ್ಮ ಲೈನ್ ಎಲ್ಲೆಲ್ಲಿ ಚರಂಡಿ ದಾಟುತ್ತೆ ಅಣ್ಣ’ ಅಂತ ಕೇಳಿ.

ನೀವೂ ಇದನ್ನೇ ಮಾಡಿ. ಮುಂದಿನ ಸಲ ನೀರು ಬಂದಾಗ ಬೀದಿಯ ಬಾಯಿ, ನಡು, ಕೊನೆ, ಮೂರು ಮನೆಯಲ್ಲಿ ನೀರು ಬಂದ ಐದನೇ ನಿಮಿಷದಲ್ಲಿ ಒಂದು ಸಲ, ನಲವತ್ತನೇ ನಿಮಿಷದಲ್ಲಿ ಇನ್ನೊಂದು ಸಲ ಕ್ಲೋರಿನ್ ನೋಡಿ ಬರೆದಿಡಿ. ಸಂಪಿನ ನೀರಲ್ಲ, ನೇರ ಲೈನಿನ ನಲ್ಲಿಯ ನೀರು ಆಗಬೇಕು. ಎಲ್ಲಿ ಇದ್ದಕ್ಕಿದ್ದಂತೆ ಬೀಳುತ್ತದೋ ಅಲ್ಲಿ ಅಗೆಯಬೇಕು. ಎಲ್ಲ ಕಡೆಯೂ ಸೊನ್ನೆ ಇದ್ದರೆ ಟ್ಯಾಂಕಿನಲ್ಲೇ ಹಾಕಿಲ್ಲ ಅಂತ.

ಆಮೇಲೆ ಬ್ಯಾಕ್ಟೀರಿಯಾ ಟೆಸ್ಟ್. ಮನೆಯಲ್ಲೇ ಮಾಡುವುದಾದರೆ ಎಚ್‌ಟುಎಸ್ ಬಾಟಲಿ ಅಂತ ಸಿಗುತ್ತದೆ. ಇದು ನಮ್ಮವರೇ ಕಂಡುಹಿಡಿದದ್ದು. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಕೇಂದ್ರದ ಮಂಜಾ, ಮೌರ್ಯ ಮತ್ತು ರಾವ್ 1982ರಲ್ಲಿ ಇದರ ಬಗ್ಗೆ ಬರೆದರು. ಬಾಟಲಿಯ ಗೆರೆಯವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಇಡಬೇಕು. ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಸೋಂಕು ಇದೆ ಅಂತ ಲೆಕ್ಕ. ಕಪ್ಪಾಗದಿದ್ದರೆ ಪೂರ್ತಿ ನಿಶ್ಚಿಂತೆ ಅಂತ ಅಲ್ಲ. ಬೋರ್ ನೀರಿನಲ್ಲಿ ಕೆಲವೊಮ್ಮೆ ಸೋಂಕಿಲ್ಲದೆಯೂ ಕಪ್ಪಾಗಬಹುದು. ಆದರೆ ಪುರಸಭೆಯ ಮೇಜಿನ ಮೇಲೆ ಕರಿ ಬಾಟಲಿ ಇಟ್ಟರೆ ಆಗುವ ಪರಿಣಾಮವೇ ಬೇರೆ. ನೋಡಿದ ಮೇಲೆ ಬಾಟಲಿಗೆ ಬ್ಲೀಚಿಂಗ್ ಹಾಕಿ ಶೌಚಾಲಯಕ್ಕೆ ಸುರಿಯಿರಿ, ಮಕ್ಕಳ ಕೈಗೆ ಸಿಗಬಾರದು.

ಲ್ಯಾಬ್‌ಗೆ ಕೊಡುವುದಾದರೆ ಜಿಲ್ಲಾ ಕೇಂದ್ರದಲ್ಲಿ ಕೇಳಿ. ಆರೋಗ್ಯ ಇಲಾಖೆಯ ಲ್ಯಾಬ್, ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಲ್ಯಾಬ್, ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಖಾಸಗಿ ಲ್ಯಾಬ್ ಇರುತ್ತವೆ. ಸ್ಯಾಂಪಲ್ ತೆಗೆಯುವುದರಲ್ಲೇ ಅರ್ಧ ಟೆಸ್ಟ್ ಇದೆ. ನಮ್ಮ ಲ್ಯಾಬ್‌ಗೆ ಜನ ಬ್ರಾಂದಿ ಬಾಟಲಿಯಲ್ಲಿ, ಹಾಲಿನ ಕ್ಯಾನಿನಲ್ಲಿ, ಒಬ್ಬರಂತೂ ಪ್ಲಾಸ್ಟಿಕ್ ಕವರ್‌ನಲ್ಲಿ ಗಂಟು ಹಾಕಿ ತಂದಿದ್ದರು. ಅದರಲ್ಲಿ ಸಿಗುವುದು ಬಾಟಲಿಯ ಬ್ಯಾಕ್ಟೀರಿಯಾ. ಲ್ಯಾಬ್‌ನಿಂದಲೇ ಸ್ಟೆರೈಲ್ ಬಾಟಲಿ ಇಸಿದುಕೊಳ್ಳಿ. ತಳದಲ್ಲಿ ಸ್ವಲ್ಪ ಬಿಳಿ ಪುಡಿಯೋ ಎರಡು ಹನಿ ದ್ರಾವಣವೋ ಇದ್ದರೆ ಕೊಳೆ ಅಂತ ತೊಳೆಯಬೇಡಿ. ಅದು ಥಯೋಸಲ್ಫೇಟ್. ಬಾಟಲಿಯೊಳಗೆ ಕ್ಲೋರಿನ್ ಕೆಲಸ ಮುಂದುವರಿಸದ ಹಾಗೆ ತಡೆಯಲು ಹಾಕಿರುತ್ತಾರೆ. ಅದಿಲ್ಲದಿದ್ದರೆ ಕಾರಿನಲ್ಲಿ ಹೋಗುವ ಎರಡು ಗಂಟೆಯಲ್ಲಿ ಕೆಟ್ಟ ನೀರೂ ಒಳ್ಳೆಯದಾಗಿ ಕೂತಿರುತ್ತದೆ.

ನಲ್ಲಿಯ ಬಾಯಿಂದ ಬಟ್ಟೆ, ಪೈಪ್ ಏನಿದ್ದರೂ ತೆಗೆಯಿರಿ. ಸ್ಪಿರಿಟ್ ಹತ್ತಿಯಿಂದ ಒರೆಸಿ. ಹಿತ್ತಾಳೆ ನಲ್ಲಿಯಾದರೆ ಸ್ಪಿರಿಟ್ ಅದ್ದಿದ ಹತ್ತಿಗೆ ಬೆಂಕಿ ಹಚ್ಚಿ ಬಾಯಿಯನ್ನು ಸುಡಬಹುದು, ಪ್ಲಾಸ್ಟಿಕ್ ನಲ್ಲಿಗೆ ಆ ಸಾಹಸ ಬೇಡ. ಸಾಮಾನ್ಯ ನಿಯಮದಲ್ಲಿ ಎರಡು ಮೂರು ನಿಮಿಷ ನೀರು ಹರಿಯಬಿಟ್ಟು ತುಂಬಬೇಕು. ಆದರೆ ನಿಮ್ಮ ಅನುಮಾನ ಮೊದಲ ನೀರಿನ ಮೇಲಿದೆಯಲ್ಲ, ಹಾಗಾಗಿ ಎರಡು ಬಾಟಲಿ ತೆಗೆಯಿರಿ. ಮೊದಲ ಐದು ನಿಮಿಷದ ಒಂದು, ನಲವತ್ತನೇ ನಿಮಿಷದ ಇನ್ನೊಂದು. ಮುಚ್ಚಳದ ಒಳಭಾಗ ಮುಟ್ಟಬೇಡಿ, ಕೆಳಗೂ ಇಡಬೇಡಿ. ಕತ್ತಿನವರೆಗೆ ತುಂಬದೆ ಒಂದಿಂಚು ಬಿಡಿ. ಬಾಟಲಿ ಮೇಲೆ ಜಾಗ, ದಿನ, ಗಂಟೆ, ಎಷ್ಟನೇ ನಿಮಿಷ, ಆಗಿನ ಕ್ಲೋರಿನ್ ಎಷ್ಟು ಅಂತ ಬರೆಯಿರಿ. ಐಸ್ ಇಟ್ಟ ಡಬ್ಬಿಯಲ್ಲಿ ಆರು ಗಂಟೆಯೊಳಗೆ ತಲುಪಿಸಿ. ತೀರಾ ಆಗದಿದ್ದರೆ 24 ಗಂಟೆ ದಾಟಬಾರದು. ಶನಿವಾರ ಮಧ್ಯಾಹ್ನ ತಗೊಂಡು ಹೋದರೆ ಸೋಮವಾರದವರೆಗೆ ಯಾರೂ ಮುಟ್ಟುವುದಿಲ್ಲ, ಅದನ್ನೂ ನೋಡಿಕೊಳ್ಳಿ. ಜೊತೆಗೆ ನಿಮ್ಮ ಸಂಪಿನದ್ದೂ ಒಂದು ಸ್ಯಾಂಪಲ್ ಕೊಡಿ. ಊರಿನ ಪೈಪನ್ನು ಬಯ್ದು ಬಯ್ದು ಕೊನೆಗೆ ಸಂಪಿನ ಪಕ್ಕದ ಸ್ವಂತ ಶೌಚದ ಗುಂಡಿಯೇ ಕಾರಣ ಆಗಿದ್ದೂ ಉಂಟು.

ಈಗ ಕಾಮಾಲೆಯ ಒಂದು ಸೂಕ್ಷ್ಮ. ಹೆಪಟೈಟಿಸ್-ಎ ವೈರಸ್ ಹೊಟ್ಟೆ ಸೇರಿದ ಮೇಲೆ ಕಣ್ಣು ಹಳದಿಯಾಗಲು ಎರಡರಿಂದ ಆರು ವಾರ ಬೇಕು. ಹೆಪಟೈಟಿಸ್-ಇ ಇನ್ನೂ ತಡ ಮಾಡಬಹುದು. ಅಂದರೆ ಈ ಮಕ್ಕಳು ಕುಡಿದ ಕೆಟ್ಟ ನೀರು ಸುಮಾರು ಒಂದು ತಿಂಗಳ ಹಿಂದೆಯೇ ಹರಿದುಹೋಗಿದೆ. ಇವತ್ತಿನ ಸ್ಯಾಂಪಲ್ ಚೆನ್ನಾಗಿದ್ದರೆ ಅವತ್ತಿನ ನೀರೂ ಚೆನ್ನಾಗಿತ್ತು ಅಂತ ಆಗುವುದಿಲ್ಲ. ಕ್ಲೋರಿನ್ ವಿಷಯದಲ್ಲಿ ಈ ವೈರಸ್‌ಗಳು ಇ-ಕೊಲೈಗಿಂತ ಗಟ್ಟಿಗರು, ಇ-ಕೊಲೈ ಸತ್ತ ನೀರಿನಲ್ಲೂ ಉಳಿದಿರಬಹುದು. ಯಾವ ವಾರ ಪೈಪ್ ಒಡೆದಿತ್ತು, ಯಾವಾಗ ರಸ್ತೆ ಅಗೆದಿದ್ದರು, ಯಾವ ದಿನ ಯುಜಿಡಿ ಕಟ್ಟಿಕೊಂಡು ಮ್ಯಾನ್‌ಹೋಲ್ ಉಕ್ಕಿತ್ತು ಅಂತ ಬೀದಿಯವರನ್ನು ಕೇಳಿ ದಿನ ಗುರುತು ಹಾಕಿ. ಹೆಂಗಸರಿಗೆ ಇದು ಚೆನ್ನಾಗಿ ನೆನಪಿರುತ್ತದೆ, ನೀರು ಹಿಡಿದವರು ಅವರೇ ಅಲ್ವಾ.

ಇದು ಸಣ್ಣ ವಿಷಯ ಅಂತ ಯಾರಾದರೂ ಅಂದರೆ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಆದದ್ದನ್ನು ನೆನಪಿಸಿ. ಕಲುಷಿತ ನೀರು ಕುಡಿದು ಜನ ಸಾಲುಸಾಲಾಗಿ ಆಸ್ಪತ್ರೆ ಸೇರಿದರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು.

ಪುರಸಭೆಯನ್ನು ಏನು ಕೇಳಬೇಕು? ‘ನೀರು ಚೆನ್ನಾಗಿದೆಯಾ’ ಅಂತ ಕೇಳಿದರೆ ಚೆನ್ನಾಗಿದೆ ಅಂತಲೇ ಉತ್ತರ ಬರುತ್ತದೆ. ಲೆಕ್ಕ ಕೇಳಿ. ಪೈಪ್‌ಜಾಲದಿಂದ ತಿಂಗಳಿಗೆ 5,000 ಜನಕ್ಕೆ ಒಂದರಂತೆ ಸ್ಯಾಂಪಲ್ ತೆಗೆದು ಬ್ಯಾಕ್ಟೀರಿಯಾ ಟೆಸ್ಟ್ ಮಾಡಿಸಬೇಕು ಅನ್ನುವುದು ರೂಢಿಯ ಅಳತೆ. 30,000 ಜನದ ಊರಿಗೆ ತಿಂಗಳಿಗೆ ಆರು. ಕಳೆದ ಮೂರು ತಿಂಗಳಲ್ಲಿ ತೆಗೆದ ಸ್ಯಾಂಪಲ್‌ಗಳ ಪಟ್ಟಿ ಕೊಡಿ, ಯಾವ ಬೀದಿಯ ಯಾವ ನಲ್ಲಿ, ಎಷ್ಟು ಗಂಟೆಗೆ, ಆಗ ಕ್ಲೋರಿನ್ ಎಷ್ಟಿತ್ತು ಅಂತ ಕೇಳಿ. ಬಾಯಿಮಾತಿಗೆ ಕೊಡದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಿಮ್ಮ ಬೀದಿ ಆ ಪಟ್ಟಿಯಲ್ಲಿ ಇಲ್ಲದೇ ಇರಬಹುದು. ಆಗ ನೀವೇ ತೆಗೆದ ಮೂರು ಮನೆಯ ಕ್ಲೋರಿನ್ ಲೆಕ್ಕವನ್ನು ಅರ್ಜಿ ಜೊತೆ ಲಗತ್ತಿಸಿ. ಎಂಜಿನಿಯರ್ ಒಳ್ಳೆಯವರಾದರೆ ಅವರಿಗೂ ಅದು ಅನುಕೂಲವೇ, ಪೈಪ್ ಬದಲಿಸಲು ಮೇಲಿನವರ ಹತ್ತಿರ ದುಡ್ಡು ಕೇಳಲು ಒಂದು ದಾಖಲೆ ಸಿಗುತ್ತದೆ.

ಪೈಪ್ ಸರಿಯಾಗುವವರೆಗೆ ಮೊದಲ ಹದಿನೈದು ನಿಮಿಷದ ನೀರನ್ನು ಸಂಪಿಗೆ ಬಿಡಬೇಡಿ. ಗಿಡಕ್ಕೆ, ಅಂಗಳಕ್ಕೆ, ಶೌಚಾಲಯದ ಬಕೆಟ್ಟಿಗೆ ಬಿಡಿ. ಐದು ದಿನಕ್ಕೊಮ್ಮೆ ನೀರು ಕಾಣುವ ಮನೆಯಲ್ಲಿ ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ, ಗೊತ್ತು. ಆದರೂ ಹೇಳುತ್ತೇನೆ. ಫಿಲ್ಟರ್ ಕೊಳ್ಳುವ ಆತುರ ಬೇಡ. 240 ಟಿಡಿಎಸ್ ನೀರಿಗೆ ಉಪ್ಪು ತೆಗೆಯುವ ಆರ್‌ಒ ಫಿಲ್ಟರ್ ಬೇಕಿಲ್ಲ. ಬೇಸಿಗೆಯ ಬೋರ್ ನೀರಿನ ಫ್ಲೋರೈಡ್ ವರದಿ ನೋಡಿ ಆಮೇಲೆ ತೀರ್ಮಾನ ಮಾಡಿ. ಐದು ರೂಪಾಯಿ ಕ್ಯಾನಿನ ಶುದ್ಧ ನೀರಿನ ಘಟಕಕ್ಕೆ ಹೋಗುವವರಾದರೆ, ಕ್ಯಾನಿನ ಒಳಗೆ ಬೆರಳು ಹಾಕಿ ಉಜ್ಜಿ ನೋಡಿ. ಲೋಳೆ ಇದ್ದರೆ ಘಟಕದ ನೀರು ಎಷ್ಟು ಚೆನ್ನಾಗಿದ್ದರೂ ಮನೆಗೆ ಬರುವಷ್ಟರಲ್ಲಿ ಕೆಟ್ಟಿರುತ್ತದೆ.

ಕೊನೆಗೆ ನಿಮ್ಮ ತಾಯಿಯವರ ಬಟ್ಟೆ. ಅದನ್ನು ಹಗುರವಾಗಿ ನೋಡಬೇಡಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆ ಸೀರೆಯನ್ನು ಹಲವು ಮಡಿಕೆ ಮಾಡಿ ಕೆರೆ-ಹೊಳೆ ನೀರು ಸೋಸಿದ ಮನೆಗಳಲ್ಲಿ ಕಾಲರಾ ಹೆಚ್ಚೂಕಮ್ಮಿ ಅರ್ಧಕ್ಕೆ ಇಳಿಯಿತು ಅಂತ 2003ರಲ್ಲಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಕಾಲರಾದ ಬ್ಯಾಕ್ಟೀರಿಯಾ ನೀರಿನ ಸಣ್ಣ ಹುಳಗಳ ಮೈಗೆ ಅಂಟಿಕೊಂಡಿರುವುದರಿಂದ ಬಟ್ಟೆಗೆ ಸಿಕ್ಕಿಬೀಳುತ್ತವೆ. ಕಾಮಾಲೆ ವೈರಸ್ ಹಾಗೆ ಸಿಗುವುದಿಲ್ಲ, ಯಾವ ಬಟ್ಟೆಯ ಎಳೆಗೂ ನಿಲ್ಲದಷ್ಟು ಸಣ್ಣದು ಅದು. ಐದು ದಿನ ಒದ್ದೆಯಾಗಿ ನಲ್ಲಿಗೇ ಕಟ್ಟಿಕೊಂಡಿದ್ದರೆ ಬಟ್ಟೆಯೇ ರೋಗಾಣುವಿನ ಮನೆ ಆಗುತ್ತದೆ. ನೀರು ಬಂದಾಗ ಕೊಡದ ಬಾಯಿಗೆ ಕಟ್ಟಲಿ, ಮುಗಿದ ಮೇಲೆ ಒಗೆದು ಬಿಸಿಲಿಗೆ ಹಾಕಲಿ. ಒಗೆಯುವ ಮುಂಚೆ ಬಿಳಿ ಹಾಳೆಯ ಮೇಲೆ ಹರಡಿ ಒಂದು ಫೋಟೊ ತೆಗೆದಿಡಿ, ತಾರೀಕು ಸಮೇತ. ಕೆಂಪು ಪುಡಿ ಇದ್ದರೆ ತುಕ್ಕು. ಕೂದಲು, ಕಪ್ಪು ಲೋಳೆ, ಎಳೆ ಹುಳ ಕಂಡರೆ ಆ ಫೋಟೊವನ್ನೂ ಪುರಸಭೆಯ ಅರ್ಜಿಗೆ ಸೇರಿಸಿ.